ಝಂಡಾ ಹಬ್ಬಕ್ಕೆ ಹಾಸಿದ ಮಡಿ ಬಟ್ಟೆ

ಹೋದ ಮಂಗಳವಾರ ನಾನು ಒಬ್ಬರು ಒಗೆದಿಟ್ಟ ಮಡಿ ಬಟ್ಟೆಯ ಮೇಲೆ ಬೂಟುಗಾಲಲ್ಲಿ ನಡೆದು ಹೋಗಿ, ಸಮಾನತೆಯ ಬಗ್ಗೆ ಮುಕ್ಕಾಲು ತಾಸು ಭಾಷಣ ಮಾಡಿ ಬಂದೆ.

ನಗಬೇಡಿ. ಪೂರ್ತಿ ಕೇಳಿ.

ಆಗಸ್ಟ್ ಹದಿನೈದು ಬಂತೆಂದರೆ ನಮ್ಮಂಥ ವಕೀಲರಿಗೆ ಭಾರೀ ಡಿಮ್ಯಾಂಡು. ವರ್ಷವಿಡೀ ನಮ್ಮನ್ನು ಕಂಡರೆ ದಾರಿ ಬದಲಿಸುವ ಜನ ಆವತ್ತೊಂದು ದಿನ ಹಾರ ಹಿಡಿದು ಕರೆಯುತ್ತಾರೆ. (ಇನ್ನೊಂದು ದಿನ ಜನವರಿ ಇಪ್ಪತ್ತಾರು.) ಈ ಸಲ ಸಿರುಗುಪ್ಪದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಿಂದ ಕಾಗದ ಬಂತು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಊರುಗಳವರು 'ಸದ್ಯ, ನಮ್ಮದಲ್ಲ' ಎಂದು ನೆಮ್ಮದಿಯಾಗಿ ಪೇಪರು ಮಡಚಿಡುತ್ತಾರೆ.

ಭಾಷಣದ ವಿಷಯ, ನಾಗರಿಕರ ಹಕ್ಕುಗಳು. ನಾನು ಸಿವಿಲ್ ವಕೀಲ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಇಷ್ಟರಲ್ಲೇ ನನ್ನ ಆಯುಷ್ಯ ಸವೆದಿದೆ. ಲಾ ಕಾಲೇಜು ಬಿಟ್ಟ ಮೇಲೆ ಸಂವಿಧಾನದ ಪುಸ್ತಕ ತೆರೆದದ್ದು ಹದಿನಾಲ್ಕನೇ ತಾರೀಖಿನ ಸಂಜೆ, ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಯಲ್ಲಿ, ಧೂಳು ಒರೆಸಿ. ಆದರೂ ಒಪ್ಪಿಕೊಂಡಿದ್ದೆ. ಯಾಕೆ ಸುಳ್ಳು ಹೇಳಲಿ? ಕುರುಗೋಡಿನಲ್ಲಿ ಅಕ್ಕನ ಮನೆ ಇದೆ. ಭಾಷಣ ಮುಗಿಸಿ ಮಧ್ಯಾಹ್ನ ಅಲ್ಲಿಗೆ ಹೋದರೆ ಶ್ರಾವಣದ ಹೋಳಿಗೆ ಊಟ ಎಂಬ ಲೆಕ್ಕಾಚಾರ ಇತ್ತು.

ಬೆಳಗಿನ ಬಸ್ಸಿಗೆ ಹೊರಟು, ತೆಕ್ಕಲಕೋಟೆಯಲ್ಲಿ ಚಹಾ ಕುಡಿದು, ಏಳೂವರೆಗೆ ಆ ಊರಿನಲ್ಲಿ ಇಳಿದೆ. ಹೆಡ್‌ಮಾಸ್ಟರು ಹಾರ ಹಿಡಿದು ನಿಂತಿದ್ದರು. ಬಾಜಾ ಇತ್ತು. ನನ್ನ ಕಾಲ ಮುಂದೆ ಒಬ್ಬ ಹೆಂಗಸು ಬಿಳಿ ಬಟ್ಟೆ ಹಾಸಿದಳು.

ನಡೆಮಡಿ ಹಾಸುವುದು ನಿಮಗೆ ಗೊತ್ತಲ್ಲ? ಮದುಮಕ್ಕಳು ಹಂದರಕ್ಕೆ ಬರುವಾಗ, ದೇವರ ಪಲ್ಲಕ್ಕಿ ಗುಡಿಯಿಂದ ಹೊರಡುವಾಗ, ಮಡಿವಾಳರು ಒಗೆದ ಬಟ್ಟೆಯನ್ನು ದಾರಿಗೆ ಹಾಸುತ್ತ ಹೋಗುತ್ತಾರೆ. ಒಬ್ಬರು ಮುಂದೆ ಹಾಸಬೇಕು, ಇನ್ನೊಬ್ಬರು ಹಿಂದಿನದನ್ನು ಎತ್ತಿ ಮುಂದಕ್ಕೆ ಕೊಡಬೇಕು. ಇಬ್ಬರ ಕೆಲಸ. ಆವತ್ತು ಆಕೆ ಒಬ್ಬಳೇ ಇದ್ದಳು. ಐವತ್ತರ ಮೇಲಿನ ಹೆಂಗಸು. ಮುಂದೆ ಹಾಸಿ, ಹಿಂದಕ್ಕೆ ಓಡಿ, ಬಟ್ಟೆ ಎತ್ತಿಕೊಂಡು, ಮತ್ತೆ ಮುಂದಕ್ಕೆ ಓಡುತ್ತಿದ್ದಳು.

"ಇದೆಲ್ಲ ಯಾಕೆ?" ಎಂದೆ.

"ನಮ್ಮೂರ ಪದ್ಧತಿ ಸರ್. ಬ್ಯಾಡ ಅಂದ್ರ ಗೌಡ್ರು ಬ್ಯಾಸರ ಮಾಡ್ಕೋತಾರ್ರಿ" ಎಂದರು ಹೆಡ್‌ಮಾಸ್ಟರು. ಗೌಡರು ಎಂದರೆ ಊರಿನ ಹಿರಿಯರು, ಝಂಡಾ ಹಬ್ಬದ ಕಮಿಟಿಯ ಅಧ್ಯಕ್ಷರು.

ಬೇಸರ ಮಾಡಿಕೊಳ್ಳುವವರು ದೊಡ್ಡವರಾದರೆ ನಮಗೆ ತಕ್ಷಣ ಅರ್ಥವಾಗುತ್ತದೆ. ನಾನು ಬಟ್ಟೆಯ ಮೇಲೆ ಕಾಲಿಟ್ಟೆ. ಶಾಲೆಯ ಗೇಟಿನ ಹತ್ತಿರ ಆಕೆ ಹಿಂದೆ ಬಿದ್ದಳು. ನಾನು ಬಟ್ಟೆಯ ಮೇಲೆ ನಿಂತು ಕಾದೆ. ನಾನು ನಿಂತಿದ್ದರಿಂದಲೇ ಆಕೆಗೆ ಬಟ್ಟೆ ಎಳೆಯಲು ಆಗುತ್ತಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

"ಸಾಮೀ, ಒಂಚೂರು ಕಾಲು ಎತ್ರಿ" ಎಂದಳು.

ಎತ್ತಿದೆ. ಎತ್ತಿದ ಕಾಲನ್ನು ಮುಂದಿನ ಬಟ್ಟೆಯ ಮೇಲೆಯೇ ಇಟ್ಟೆ.

ಧ್ವಜ ಏರಿತು. ಮಕ್ಕಳು ಹಾಡಿದರು. ನಾನು ಮೈಕಿನ ಮುಂದೆ ನಿಂತೆ. ಎಮರ್ಜೆನ್ಸಿ ಮುಗಿದ ಮೇಲೆ ಇದು ಎರಡನೆಯ ಸ್ವಾತಂತ್ರ್ಯ ದಿನ ನೋಡಿ. ಅದನ್ನೇ ಹಿಡಿದುಕೊಂಡೆ. ಕಾರಣ ಹೇಳದೆ ಜನರನ್ನು ಒಳಗೆ ಹಾಕಿದ ಕಾಲ ಅದು, ಇನ್ನು ಬರಬಾರದು ಎಂದೆ. ಯಾರನ್ನೇ ಹಿಡಿಯಲಿ, ಯಾಕೆ ಹಿಡಿದೆವೆಂದು ಹೇಳಬೇಕು, ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಸಂವಿಧಾನ ನಮಗೆ ಕೊಟ್ಟ ಮಾತು ಎಂದೆ. ಬಿಟ್ಟಿ ಚಾಕರಿ ಮಾಡಿಸುವುದು ಅಪರಾಧ ಎಂದೂ ಹೇಳಿದೆ. ಗೌಡರು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ನನಗೂ ನನ್ನ ಮಾತು ಹಿಡಿಸಿತು. ಮೈಕು ಸಿಕ್ಕರೆ ಯಾರಿಗೆ ಹಿಡಿಸುವುದಿಲ್ಲ?

ಮಕ್ಕಳು ಪೆಪ್ಪರಮಿಂಟು ತಿನ್ನುತ್ತ ಹೋದರು. ನಾನು ಕುರುಗೋಡಿನ ಬಸ್ಸಿನ ಟೈಮು ವಿಚಾರಿಸುತ್ತಿದ್ದೆ. ಆಕೆ ಬಂದಳು. ಬಟ್ಟೆಯ ಗಂಟು ಕಂಕುಳಲ್ಲಿತ್ತು.

"ಸಾಮೀ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕಾಬ್ಯಾಡ್ರಿ. ಇಪ್ಪತ್ನಾಕು ತಾಸು ಅಂದ್ರಲ್ರಿ ಮೈಕಿನಾಗ. ಅದು ಝಂಡಾ ಹಬ್ಬದ ದಿನಾನೂ ಲೆಕ್ಕಕ್ಕ ಬರ್ತೈತೇನ್ರಿ?"

ಇಷ್ಟು ಚೊಕ್ಕ ಪ್ರಶ್ನೆಯನ್ನು ನನಗೆ ಯಾವ ಜಡ್ಜೂ ಕೇಳಿಲ್ಲ.

"ಬರುತ್ತದೆ. ಯಾಕಮ್ಮಾ?"

"ನಮ್ಮನ್ಯಾಗಿನೋರನ್ನ ನಿನ್ನೆ ಸಂಜಿ ಐದಕ್ಕ ಪೊಲೀಸ್ರು ಕರಕೊಂಡು ಹೋಗ್ಯಾರ್ರಿ. ಇವತ್ತು ರಜಾ, ಸಾಹೇಬ್ರಿಲ್ಲ, ನಾಳೆ ನೋಡೋಣು ಅಂತಾರ."

ಆಕೆಯ ಹೆಸರು ಹುಲಿಗೆಮ್ಮ. ಗಂಡ ಮಾರೆಪ್ಪ, ಆ ಊರಿನ ಮಡಿವಾಳರು. ಏನು ಮಾಡಿದ್ದರು? ಕಳ್ಳತನವೇ, ಹೊಡೆದಾಟವೇ? ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳಲು ಶುರುಮಾಡಿದರು. ಹುಲಿಗೆಮ್ಮನೇ ಹೇಳಿದಳು.

ಶಾಲೆಯ ಬಾವುಟವನ್ನು ಪ್ರತಿ ವರ್ಷ ಒಗೆದು ಇಸ್ತ್ರಿ ಮಾಡಿ ಕೊಡುವವರು ಮಾರೆಪ್ಪ. ಆದರೆ ಅದು ಏರುವುದನ್ನು ಅವರು ಒಮ್ಮೆಯೂ ನೋಡಿಲ್ಲ. ಅತಿಥಿ ಕಂಬದ ಹತ್ತಿರ ಹೋಗುವ ಹೊತ್ತಿಗೆ ಇವರು ಗೇಟಿನ ಹತ್ತಿರ ಬಗ್ಗಿ ಬಟ್ಟೆ ಸುತ್ತುತ್ತಿರುತ್ತಾರೆ. ತಲೆ ಎತ್ತುವಷ್ಟರಲ್ಲಿ ಬಾವುಟ ಮೇಲೆ ಇರುತ್ತದೆ. ಈ ಸಲ ಗೌಡರ ಮನೆಗೆ ಹೋಗಿ, "ಆ ಬಟ್ಟಿ ದೇವ್ರಿಗೆ, ಮದುಮಕ್ಕಳಿಗೆ ಹಾಸೋದ್ರಿ. ಝಂಡಾ ಹಬ್ಬಕ್ಕ ನಾ ಹಾಸಂಗಿಲ್ಲ. ಎಲ್ಲಾರ ಗತಿ ನಿಂತು ಒಂದ್ಸಲ ಝಂಡಾ ಏರೋದು ನೋಡ್ತೀನಿ" ಎಂದಿದ್ದರಂತೆ.

ಅಷ್ಟೇ. ಬೇಡಿಕೆ ಇಷ್ಟೇ. ಗುಂಪಿನಲ್ಲಿ ನಿಂತು ತಲೆ ಎತ್ತಬೇಕು.

ಗೌಡರು ಠಾಣೆಗೆ ಹೇಳಿ ಕಳಿಸಿದ್ದು ಹೀಗೆ: ರಾಷ್ಟ್ರೀಯ ಹಬ್ಬಕ್ಕೆ ಅಡ್ಡಿ ಮಾಡುತ್ತಿದ್ದಾನೆ.

ಬಸ್ಸು ಹಾರ್ನ್ ಹೊಡೆಯಿತು. ನಿಮ್ಮ ಮುಂದೆ ಸಂತನಾಗಲಾರೆ, ಆ ಕ್ಷಣ ನನ್ನ ಕಣ್ಣ ಮುಂದೆ ಹೋಳಿಗೆಯೂ ಬಂತು. ನಾನು ಕ್ರಿಮಿನಲ್ ವಕೀಲನಲ್ಲ, ಬಳ್ಳಾರಿಗೆ ಹೋಗಿ ಯಾರಿಗಾದರೂ ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆಕೆ ಏನೂ ಬೇಡಲಿಲ್ಲ. ಗಂಟಿನಿಂದ ಒಂದು ಬಟ್ಟೆ ತೆಗೆದು, ಅದರ ಮೇಲಿದ್ದ ಬೂಟಿನ ಗುರುತನ್ನು ಉಗುರಿನಿಂದ ಕೆರೆಯುತ್ತ ನಿಂತಳು. ನನ್ನ ಬೂಟಿನ ಗುರುತು. ಬಸ್ಸು ಹೋಯಿತು.

ಠಾಣೆ ಅಲ್ಲಿಂದ ಎರಡು ಫರ್ಲಾಂಗು. ನಾನು ಮೈಕಿನಲ್ಲಿ ಹೇಳಿದ್ದೆಲ್ಲ ಅಲ್ಲಿಗೆ ಕೇಳಿಸಿತ್ತು.

ದಫೇದಾರರು ಮರ್ಯಾದೆಯಿಂದ ಬೆಂಚು ತೋರಿಸಿದರು. ಅವರ ಯೂನಿಫಾರ್ಮು ಗರಿಗರಿಯಾಗಿತ್ತು. ಮೂಲೆಯಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ, ಅದರ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಮಾರೆಪ್ಪ. ಬೆಳಿಗ್ಗೆ ಮನೆಯಿಂದ ಪೆಟ್ಟಿಗೆ ತರಿಸಿ, ತಾವು ಹಿಡಿದು ತಂದ ಮನುಷ್ಯನ ಕೈಯಲ್ಲೇ ಹಬ್ಬದ ಯೂನಿಫಾರ್ಮು ಇಸ್ತ್ರಿ ಮಾಡಿಸಿದ್ದರು.

"ಯಾವ ಕೇಸಿನಲ್ಲಿ ಅರೆಸ್ಟ್ ಮಾಡಿದ್ದೀರಿ?"

"ಅರೆಸ್ಟಾ?" ದಫೇದಾರರಿಗೆ ನಿಜವಾಗಿಯೂ ಆಶ್ಚರ್ಯ. "ಅರೆಸ್ಟ್ ಮಾಡಿಲ್ರಿ ಸರ್. ಕೇಸೂ ಇಲ್ಲ, ಏನೂ ಇಲ್ಲ. ಸುಮ್ನ ಕುಂದ್ರಿಸೀವಿ. ಹಬ್ಬ ಮುಗಿದ ಮ್ಯಾಲೆ, ಗೌಡ್ರು ಒಂದ್ಮಾತು ಹೇಳಿದ್ರ ಕಳಿಸ್ತೀವಿ."

ಗೊತ್ತಾಯಿತೆ? ಹಿಡಿದಿದ್ದರೆ ಇಪ್ಪತ್ನಾಲ್ಕು ತಾಸು. ಹಿಡಿದೇ ಇಲ್ಲ. ಸುಮ್ಮನೆ ಕೂಡಿಸಿದ್ದಾರೆ. ರಿಜಿಸ್ಟರಿನಲ್ಲಿ ಹೆಸರಿಲ್ಲದ ಮನುಷ್ಯನಿಗೆ ಗಡಿಯಾರವೂ ಇಲ್ಲ. ದೊಡ್ಡ ದೊಡ್ಡವರು ಕೂತು ಬರೆದ ಹಕ್ಕನ್ನು ಆ ದಫೇದಾರರು ಒಂದೇ ಮಾತಿನಲ್ಲಿ ದಾಟಿಬಿಟ್ಟರು. ಅವರು ಕೆಟ್ಟವರೇನಲ್ಲ. ನನಗೆ ಚಹಾ ತರಿಸಿದರು. ಅವರ ಮಟ್ಟಿಗೆ ಇದು ತಪ್ಪೇ ಅಲ್ಲ, ದಿನದ ಕೆಲಸ.

ದಾರಿ ಸಿಕ್ಕಿತು ಎಂದುಕೊಂಡೆ. ವಕೀಲನ ಬುದ್ಧಿ. ಮಾರೆಪ್ಪನ ಕಡೆ ತಿರುಗಿ, "ಕೇಳಿದೆಯೇನಪ್ಪಾ? ನಿನ್ನನ್ನು ಹಿಡಿದಿಲ್ಲವಂತೆ. ಬಾಗಿಲು ತೆರೆದಿದೆ. ಎದ್ದು ಮನೆಗೆ ನಡೆ" ಎಂದೆ. (ಅರವತ್ತರ ಹತ್ತಿರದ ಮನುಷ್ಯನನ್ನು ಏಕವಚನದಲ್ಲಿ ಮಾತಾಡಿಸಿದ್ದು ನನಗೆ ಆಗ ಗೊತ್ತೇ ಆಗಲಿಲ್ಲ. ಈಗ ಬರೆಯುವಾಗ ಬಹುವಚನ ಹಾಕುತ್ತಿದ್ದೇನೆ. ಬರೆಯುವುದು ಸುಲಭ.)

ಮಾರೆಪ್ಪ ಏಳಲಿಲ್ಲ.

"ಹೆಂಗ ಏಳ್ಲಿರೀ? ಕುಂದ್ರು ಅಂದೋರು ಏಳು ಅನ್ನಬೇಕಲ್ರಿ."

"ಅವರು ಅನ್ನಬೇಕಾಗಿಲ್ಲ. ಕಾನೂನು ನಿನ್ನ ಕಡೆ ಇದೆ."

"ಐತ್ರಿ. ನೀವು ಹೇಳಿದ್ದು ಇಲ್ಲಿಗೂ ಕೇಳಿಸ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಸಂಜೀಕ ಬಸ್ ಹತ್ತಿ ಬಳ್ಳಾರಿಗೆ ಹೋಗ್ತೀರಿ. ಕಾನೂನು ನಿಮ್ಮ ಸಂಗಾಟ ಹೋಗ್ತೈತಿ. ನಾನು ಇದ ಊರಾಗ ಇರಬೇಕ್ರಿ. ಅವ್ರು ಏಳು ಅಂದು ಕಳಿಸಿದ್ರ ಅದು ಬ್ಯಾರೆ. ನಾನಾ ಎದ್ದು ಹೋದ್ರ ಅದು ಬ್ಯಾರೆ."

ಭಾಷಣಕ್ಕೆಂದು ಓದಿಕೊಂಡ ಪುಸ್ತಕದಲ್ಲಿ ಎದ್ದು ಹೋದ ಮರುದಿನದ ಬಗ್ಗೆ ಏನೂ ಇರಲಿಲ್ಲ.

ಕೂತೆ. ದಫೇದಾರರು ಗೌಡರ ಮನೆಗೆ ಪೇದೆಯನ್ನು ಕಳಿಸಿದರು. ಗೌಡರು ಊಟ ಮಾಡುತ್ತಿದ್ದಾರೆ. ಮತ್ತೆ ಕಳಿಸಿದರು. ಮಲಗಿದ್ದಾರೆ. ಠಾಣೆಯ ಸಾಹೇಬರು ಬಳ್ಳಾರಿಯ ಪರೇಡಿಗೆ ಹೋದವರು ಬಂದಿರಲಿಲ್ಲ. ಹುಲಿಗೆಮ್ಮ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ತಂದಳು. ನನಗೂ ಎರಡು ರೊಟ್ಟಿ ಕೊಟ್ಟಳು. ನಾನು ಬೆಂಚಿನ ಮೇಲೆ ಕೂತು ತಿಂದೆ, ಮಾರೆಪ್ಪ ನೆಲದ ಮೇಲೆ. ಬೆಂಚಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿತ್ತು. ಇದು ಹೊಳೆದದ್ದೂ ಮರುದಿನವೇ.

ನಾಲ್ಕಾಯಿತು. ಇನ್ನೊಂದು ತಾಸು ಉಳಿದಿತ್ತು. ನಾನು ಕಾಗದ ತೆಗೆದು ಬರೆದೆ. ಮಾರೆಪ್ಪ ಎಂಬ ನಾಗರಿಕರು ನಿನ್ನೆ ಸಂಜೆ ಐದರಿಂದ ಈ ಠಾಣೆಯಲ್ಲಿದ್ದಾರೆ. ಯಾವ ಕಾರಣವನ್ನೂ ಅವರಿಗೆ ತಿಳಿಸಿಲ್ಲ. ಇಷ್ಟೇ, ಎರಡು ಸಾಲು.

"ಇದನ್ನು ತೆಗೆದುಕೊಂಡಿದ್ದಕ್ಕೆ ಒಂದು ಸಹಿ ಹಾಕಿ ಕೊಡಿ."

"ರಜಾ ದಿನ ಅರ್ಜಿ ತಗಳ್ಳಂಗಿಲ್ರಿ ಸರ್."

"ಸರಿ. ನಾಲ್ಕೂವರೆಗೆ ಸಿರುಗುಪ್ಪದ ಬಸ್ಸಿದೆ. ಮ್ಯಾಜಿಸ್ಟ್ರೇಟರ ಮನೆ ಬಾಗಿಲಿಗೇ ಒಯ್ಯುತ್ತೇನೆ. ಕೋರ್ಟಿಗೆ ರಜೆ ಇರಬಹುದು, ಇಪ್ಪತ್ನಾಲ್ಕು ತಾಸಿನ ಲೆಕ್ಕಕ್ಕೆ ಇಲ್ಲ."

ನಿಜ ಹೇಳಿಬಿಡುತ್ತೇನೆ. ಮ್ಯಾಜಿಸ್ಟ್ರೇಟರ ಮನೆ ಎಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ದಫೇದಾರರು ಆ ಎರಡು ಸಾಲನ್ನು ಮೂರು ಸಲ ಓದಿದರು. 'ನಾಗರಿಕರು' ಎಂಬಲ್ಲಿ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಏಳು ಮಾರೆಪ್ಪ. ಮನಿಗೆ ಹೋಗು."

ಮಾರೆಪ್ಪ ಗೋಡೆ ಹಿಡಿದು ಎದ್ದರು. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡರು. ಮನೆಗೆ ಹೋಗಲಿಲ್ಲ. ನೇರವಾಗಿ ಶಾಲೆಯ ಕಡೆ ನಡೆದರು.

ಬಯಲು ಖಾಲಿ ಇತ್ತು. ಬಣ್ಣದ ಕಾಗದಗಳು ಗಾಳಿಗೆ ಹರಿದಿದ್ದವು. ಬಾವುಟ ಇನ್ನೂ ಮೇಲಿತ್ತು. ಮಾರೆಪ್ಪ ಕಂಬದ ಎದುರು, ಬೆಳಿಗ್ಗೆ ಗೌಡರ ಕುರ್ಚಿ ಇದ್ದ ಜಾಗದಿಂದ ನಾಲ್ಕು ಹೆಜ್ಜೆ ಈಚೆ ನಿಂತು ತಲೆ ಎತ್ತಿದರು. ಎಷ್ಟೋ ಹೊತ್ತು ಹಾಗೇ ನಿಂತರು. ಹೊತ್ತು ಮುಳುಗುವ ಮುಂಚೆ ಪಿ.ಟಿ. ಮಾಸ್ತರು ಬಂದು ಹಗ್ಗ ಬಿಚ್ಚಿದರು. ಬಾವುಟ ನಿಧಾನ ಕೆಳಗೆ ಬಂತು. ಮಾಸ್ತರು ಅದನ್ನು ಮಡಚಲು ಹೋಗಿ, ಯಾಕೋ ಮಾರೆಪ್ಪನವರ ಕೈಗೆ ಕೊಟ್ಟರು. ಅವರು ಅಂಚಿಗೆ ಅಂಚು ಕೂಡಿಸಿ ಮಡಚಿ ವಾಪಸು ಕೊಟ್ಟರು.

"ಏರೋದು ತಪ್ತು. ಇಳಿಯೋದನ್ನಾರ ನೋಡಿದ್ನಿ" ಎಂದರು ಹೆಂಡತಿಗೆ.

ಇಷ್ಟರಲ್ಲೇ ಬಸ್ಸು ಹತ್ತಿ ಬಂದಿದ್ದರೆ ಈ ಅಂಕಣವನ್ನು ಇಲ್ಲಿಗೇ ಮುಗಿಸಬಹುದಿತ್ತು. ನಿಮಗೂ ಹಿತವಾಗುತ್ತಿತ್ತು, ನನಗೂ. ಆದರೆ ಮಾರೆಪ್ಪ ಹುಲಿಗೆಮ್ಮನ ಕಂಕುಳಲ್ಲಿದ್ದ ಗಂಟು ನೋಡಿದರು.

"ನಡಿಮಡಿ ಹಾಸಿದೇನು?"

"ಹಾಸಿದ್ರ ನಿಮ್ಮನ್ನ ಬಿಡಸ್ತೀನಿ ಅಂದ್ರು ಗೌಡ್ರು. ಹಾಸಿದೆ."

"ಯಾರು ನಡದ್ರು?"

ಹುಲಿಗೆಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಬೂಟು ನೋಡಿದಳು.

"ನಾನೇ" ಎಂದೆ.

ಮಾರೆಪ್ಪ ಬೈಯಲಿಲ್ಲ. 'ಇರ್ಲಿ ಬಿಡ್ರಿ' ಎಂದೂ ಹೇಳಲಿಲ್ಲ. ಅಷ್ಟು ಹೊತ್ತು ಅವರಿಗಾಗಿ ಕಾದವನು ನಾನು, ಅದೊಂದು ಮಾತಿಗೆ ಆಸೆಪಟ್ಟಿದ್ದೆ. ಅವರು ಗಂಟನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

"ಹಂಗಾರ ಮತ್ತೊಮ್ಮೆ ಒಗೀಬೇಕು. ಸೋಮಾರ ದೇವ್ರ ಪಲ್ಲಕ್ಕಿ ಐತಿ" ಎಂದರು. ಇಬ್ಬರೂ ಹಳ್ಳದ ಕಡೆಗೆ ಹೋದರು.

ವಾರದಿಂದ ಸಂವಿಧಾನದ ಪುಸ್ತಕ ಮೇಜಿನ ಮೇಲೇ ಇದೆ. ಮಾರೆಪ್ಪನವರನ್ನು ಏಳಿಸಲು ಬೇಕಾದ ಆರ್ಟಿಕಲ್ಲು ಅದರಲ್ಲಿ ಸಿಗುತ್ತದೆ. ಆದರೆ ಆ ಬೆಳಿಗ್ಗೆ ಹುಲಿಗೆಮ್ಮ ಕಾಲು ಎತ್ರಿ ಎಂದಾಗ, ಎತ್ತಿದ ಕಾಲನ್ನು ಬಟ್ಟೆ ಬಿಟ್ಟು ಪಕ್ಕದ ಮಣ್ಣಿನ ಮೇಲೆ ಇಡುವುದಕ್ಕೆ ನನಗೆ ಯಾವ ಆರ್ಟಿಕಲ್ಲು ಬೇಕಾಗಿತ್ತು?