ತೀರ್ಪುಗಾರ ಪೋಕರ್ ಕಲಿತ ನಿಧಾನ

ನರಿಮೊಗರಿನ ಪೋಕರ್ ಮೂವತ್ತು ವರ್ಷ ಕಬಡ್ಡಿ ಪಂದ್ಯಗಳಿಗೆ ತೀರ್ಪುಗಾರರಾಗಿದ್ದವರು. ವಾರವಿಡೀ ಪುತ್ತೂರಿನಲ್ಲಿ ಒಣಮೀನಿನ ವ್ಯಾಪಾರ, ಭಾನುವಾರ ಕೈಯಲ್ಲಿ ಸೀಟಿ. ಅವರು ಔಟ್ ಎಂದರೆ ಔಟ್, ಎರಡನೇ ಮಾತಿಲ್ಲ. ಎಲ್ಲಿ ಜಗಳವಾಗುವ ಲಕ್ಷಣ ಕಂಡರೂ ಸಂಘಟಕರು ಮೊದಲು ಅವರಿಗೇ ಫೋನ್ ಮಾಡುತ್ತಿದ್ದರು.

ಅಂಥವರು ಅರುವತ್ತೇಳನೆಯ ವಯಸ್ಸಿನಲ್ಲಿ, ಆಲೆಟ್ಟಿಯ ಒಂದು ಪಂದ್ಯದ ನಡುವೆ ಸೀಟಿಯನ್ನು ಪಕ್ಕದವರ ಕೈಗಿಟ್ಟು ಹೊರಗೆ ಬಂದು ಕುಳಿತರು. ಎದೆ ಡಬಡಬ ಹೊಡೆಯುತ್ತಿತ್ತು. ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿ, ಹೃದಯಕ್ಕೇನೂ ಆಗಿಲ್ಲ, ಬಿಪಿ ಮಾತ್ರೆ ಬಿಡಬೇಡಿ, ಹೆದರಬೇಡಿ ಎಂದರು. ಹಾಗೆಂದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಮೆಟ್ಟಿಲು ಹತ್ತಿದರೆ ನಾಡಿ ಹಿಡಿದು ನೋಡುವುದು, ಮದುವೆಗೆ ಕರೆದರೆ ನೆಪ ಹೇಳುವುದು ರೂಢಿಯಾಯಿತು. ಹೆಂಡತಿ ಝುಬೈದಾ ಸಹಿಸುವಷ್ಟು ಸಹಿಸಿ, ಸುಳ್ಯದಲ್ಲಿ ಹಿರಿಯರಿಗೆ ಉಸಿರಿನ ತರಬೇತಿ ಕೊಡುತ್ತಿದ್ದ ಹೇಮಶ್ರೀಯ ಬಳಿಗೆ ಅವರನ್ನು ಕರೆದುಕೊಂಡೇ ಹೋದರು.

ಹೇಮಶ್ರೀ ಫಿಸಿಯೋಥೆರಪಿಸ್ಟ್. ಪೋಕರರ ಕಿವಿಯ ಹಾಲೆಗೆ ನಾಡಿ ಅಳೆಯುವ, ಬಟ್ಟೆಯ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿ ಎದುರಿನ ಪರದೆ ತೋರಿಸಿದಳು. ಹೃದಯ ಗಡಿಯಾರದ ಹಾಗೆ ಒಂದೇ ಸಮ ಬಡಿಯುವುದಿಲ್ಲ, ಉಸಿರೆಳೆದಾಗ ಕೊಂಚ ಬೇಗ, ಬಿಟ್ಟಾಗ ಕೊಂಚ ನಿಧಾನ. ನಿಮಿಷಕ್ಕೆ ಆರೇ ಸಲ ಉಸಿರಾಡಿದರೆ ಆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಪರದೆಯ ಗೆರೆ ಗುಡ್ಡದಂತೆ ದುಂಡಗೆ ಏರಿ ಇಳಿಯುತ್ತದೆ ಎಂದು ವಿವರಿಸಿದಳು.

ಪೋಕರರಿಗೆ ಅದೂ ಒಂದು ಪಂದ್ಯವಾಗಿ ಕಂಡಿತು. ಎದೆಯುಬ್ಬಿಸಿ ಗಾಳಿ ಎಳೆದು, ತಾವೇ ಕಬಡ್ಡಿ ಆಡುತ್ತಿದ್ದ ಕಾಲದ ಹಾಗೆ ಬಿಗಿ ಹಿಡಿದರು. ಗೆರೆ ಗರಗಸದ ಹಲ್ಲಾಯಿತು. ಪಕ್ಕದ ಕುರ್ಚಿಯಲ್ಲಿದ್ದ ಎಪ್ಪತ್ತೈದರ ದೇರಣ್ಣನವರದು ಮಾತ್ರ ನಯವಾಗಿ ಹೋಗುತ್ತಿತ್ತು. ಅದನ್ನು ಕಂಡು ಪೋಕರ್ ಮತ್ತಷ್ಟು ಜೋರಾಗಿ ಎಳೆದರು, ತಲೆ ತಿರುಗಿತು.

"ಕಾಕ, ಇಲ್ಲಿ ಗೆಲ್ಲುದು ಅಂತ ಇಲ್ಲ," ಎಂದಳು ಹೇಮಶ್ರೀ. "ನೀವು ಹಿಡ್ಕೊಳ್ತಾ ಇದ್ದೀರಿ. ಬಿಡುದು ಕಲಿಬೇಕು."

ಮೊಮ್ಮಗಳ ವಯಸ್ಸಿನವಳು ಹೇಳಿದ್ದು ಅವರಿಗೆ ಚುಚ್ಚಿತು. ಎರಡು ವಾರ ಹೀಗೇ ಹೋಯಿತು. ಮೂರನೇ ವಾರ ಹೇಮಶ್ರೀ ಪರದೆಯನ್ನೇ ಆಚೆ ತಿರುಗಿಸಿಬಿಟ್ಟಳು. ಮನೆಯಲ್ಲಿ ಬೆಳಗಿನ ನಮಾಜು ಮುಗಿದ ಮೇಲೆ ಝುಬೈದಾ ಎದುರು ಕುಳಿತು ಮೆಲ್ಲಗೆ ಐದರವರೆಗೆ ಎಣಿಸುತ್ತಿದ್ದರು. ಎಳೆಯಲು ಐದು, ಬಿಡಲು ಐದು. ಗೆಲ್ಲಲು ಎದುರಾಳಿಯಿಲ್ಲದ ಜಾಗದಲ್ಲಿ ಪೋಕರರ ಭುಜ ತಾನಾಗಿ ಸಡಿಲಾಯಿತು. ಐದನೇ ವಾರ ಪರದೆ ನೋಡಿದರೆ ಗುಡ್ಡದ ಹಿಂದೆ ಗುಡ್ಡ. ಎಂಟು ವಾರ ಮುಗಿಯುವಾಗ ನಾಡಿ ಹಿಡಿದು ನೋಡುವ ಚಾಳಿ ಯಾವಾಗ ಬಿಟ್ಟುಹೋಯಿತೆಂದು ಅವರಿಗೇ ತಿಳಿಯಲಿಲ್ಲ.

ಆಗ ಕಡಬದಿಂದ ಸಂಘಟಕ ಮುನವ್ವರ್ ಫೋನ್ ಮಾಡಿದ. ಪೋಕರ್ ಅಲ್ಲಿನ ಪಂದ್ಯಕ್ಕೆ ತೀರ್ಪುಗಾರರಾಗಿ ಬರಲು ಒಪ್ಪಿಕೊಂಡರು. ಫೈನಲ್ಲಿನ ಕೊನೆಯ ನಿಮಿಷದಲ್ಲಿ ದಾಳಿಗಾರನನ್ನು ಎದುರಾಳಿಗಳು ರಾಶಿಬಿದ್ದು ಹಿಡಿದರು; ಅವನ ಕೈ ನಡುಗೆರೆ ದಾಟಿತೋ ಇಲ್ಲವೋ ಎಂದು ಎರಡೂ ತಂಡದವರು ಪೋಕರರನ್ನು ಸುತ್ತುವರಿದರು. ಎದೆ ಮತ್ತೆ ಡಬಡಬ ಶುರುವಾಯಿತು. ಈ ಸಲ ಅವರು ಹೊರಗೆ ಬರಲಿಲ್ಲ. ನಿಂತಲ್ಲೇ ಮೂರು ದೀರ್ಘ ಉಸಿರು ಬಿಟ್ಟರು. ಏನೋ ಯೋಚಿಸುತ್ತಿದ್ದಾರೆಂದು ಆಟಗಾರರು ಒಂದು ಹೆಜ್ಜೆ ಹಿಂದೆ ಸರಿದರು.

"ಕೈ ದಾಟಿದ್ದು ನಾನು ನೋಡಿದ್ದೇನೆ. ಪಾಯಿಂಟ್ ಉಂಟು. ಆಟ ಮುಂದುವರಿಸಿ."

ಬಡಿತ ಒಮ್ಮೆಲೇ ಇಳಿಯಲಿಲ್ಲ. ಇಳಿಯುತ್ತದೆಂದು ಅವರಿಗೆ ಗೊತ್ತಿತ್ತು, ಅಷ್ಟು ಸಾಕಾಯಿತು.

ಈಗ ಅವರಿಗೆ ಅರುವತ್ತೊಂಬತ್ತು. ಮಾತ್ರೆ ತಪ್ಪಿಸುವುದಿಲ್ಲ. ಪ್ರತಿ ಗುರುವಾರ ಸುಳ್ಯಕ್ಕೆ ಹೋಗಿ ತರಬೇತಿಗೆ ಹೊಸದಾಗಿ ಬಂದವರ ಜೊತೆ ಕೂರುತ್ತಾರೆ. ಮೊನ್ನೆ ನೀಲಾವತಿ ಎಂಬವರು ಕ್ಲಿಪ್ಪಿನಿಂದ ಶಾಕ್ ಹೊಡೆದರೆ ಎಂತ ಮಾಡುದು ಎಂದು ಹಿಂಜರಿದರು. ಪೋಕರ್ ಅದನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಂಡು ಅವರ ಪಕ್ಕದಲ್ಲೇ ಕುಳಿತು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ನೋಡಿ ನೀಲಾವತಿ ಕ್ಲಿಪ್ಪಿಗಾಗಿ ತಾವೇ ಕೈ ಚಾಚಿದರು.