ಮೈಕಿನಲ್ಲಿ ಬೇಡವಾದ ಅರೇಬಿಕ್

ಇವತ್ತು ಮೈಯೆಲ್ಲ ಉರಿಯುತ್ತಿದೆ ಗೆಳೆಯರೇ. ಸೀವುಡ್ಸ್‌ನಲ್ಲಿ ನಮ್ಮ ಸಮುದಾಯದ ಸಂಘದವರು ಓದುವ ಮಕ್ಕಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ನನ್ನ ಪರಿಚಯದ ಚೀಟಿಯಲ್ಲಿ ‘ಎಂಬಿಎ, ಜೊತೆಗೆ ಅರೇಬಿಕ್ ಮತ್ತು ಪರ್ಷಿಯನ್’ ಎಂದು ಬರೆದುಕೊಟ್ಟಿದ್ದೆ. ಕಾರ್ಯದರ್ಶಿ ಅಂಕಲ್ ನನ್ನೆದುರೇ ಪೆನ್ನು ತೆಗೆದು ಕೊನೆಯ ಎರಡನ್ನೂ ಹೊಡೆದುಹಾಕಿದರು.

“ಇದೆಲ್ಲ ಮೈಕಲ್ಲಿ ಬೇಡ ಮಾರಾಯ್ತಿ. ಜನ ಏನೇನೋ ಗ್ರಹಿಸ್ತಾರೆ. ನಾಳೆ ನಿಂಗೆ ಗಂಡು ಹುಡುಕುವುದು ಕಷ್ಟ ಆಗ್ತದೆ.”

ಆ ಭಾಷೆಗಳ ಕ್ಲಾಸುಗಳಿಗಾಗಿ ನಾನು ಎರಡು ವರ್ಷದಿಂದ ಖಾರಘರದಿಂದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಹೋಗಿಬರುತ್ತಿದ್ದೇನೆ! ಪಕ್ಕದಲ್ಲಿದ್ದ ಅಮ್ಮ ಕಣ್ಣಲ್ಲೇ ಗದರಿದಳೆಂದು ವೇದಿಕೆ ಹತ್ತಿ ಶಾಲು ಹೊದೆಸಿಕೊಂಡೆ.

ಊಟದ ಹೊತ್ತಿಗೆ ಅದೇ ಅಂಕಲ್ ನನ್ನನ್ನು ಕೈತೊಳೆಯುವ ಕಡೆ ಕರೆದು ಮೊಬೈಲ್ ಮುಂದೆ ಹಿಡಿದರು. ಮಗನಿಗೆ ಗಲ್ಫ್‌ನ ಹೋಟೆಲೊಂದರಲ್ಲಿ ಕೆಲಸವಂತೆ. ಕರಾರುಪತ್ರ ಪೂರ್ತಿ ಅರೇಬಿಕ್‌ನಲ್ಲಿತ್ತು.

“ಸ್ವಲ್ಪ ಓದಿ ಹೇಳು ಮಗಾ. ಇವತ್ತೇ ಸೈನ್ ಮಾಡಿ ಕಳಿಸ್ಲಿಕ್ಕುಂಟು.”

ಓದಿದೆ. ಮೂರು ವರ್ಷ ಊರಿಗೆ ಹೋಗಲು ರಜೆಯಿಲ್ಲ, ಪಾಸ್‌ಪೋರ್ಟ್ ಹೋಟೆಲ್ ಮಾಲೀಕನ ಕೈಯಲ್ಲೇ ಇರಬೇಕು ಎಂದಿತ್ತು. ಅಂಕಲ್ ಮುಖ ಬಿಳಿಚಿಕೊಂಡಿತು.

“ಒಳ್ಳೇದಾಯ್ತು ಕೇಳಿದ್ದು. ಸೈನ್ ಮಾಡ್ಬೇಡ ಅಂತ ಅವನಿಗೆ ಹೇಳ್ತೇನೆ. ಆದ್ರೆ ನೀನು ಓದಿ ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ, ಆಯ್ತಾ?”

ಯಾರಿಗೂ ಹೇಳಿಲ್ಲ ಅಂಕಲ್. ಇಲ್ಲಿ ಬರೆದೆ, ಅಷ್ಟೇ.