ಯಜಮಾನರ ಮೋಡದ ಗೋಡೌನು

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಸಂಪು ತೊಳೆಯುತ್ತಿದ್ದರು. ಆಫೀಸಿಗೆ ಹೊರಟವಳು ಲಿಫ್ಟಿನಿಂದ ಆಚೆ ಕಾಲಿಟ್ಟಾಗ ಬ್ಲೀಚಿಂಗ್ ಪೌಡರಿನ ಘಾಟಿನ ಜೊತೆಗೆ ಒದ್ದೆ ರಬ್ಬರ್ ಪೈಪಿನ ವಾಸನೆ ಬಂತು. ಬಿಸಿಲಿಗೆ ಕಾದು, ಮತ್ತೆ ನೆನೆದ ರಬ್ಬರು... ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ತಣಿಸಂದ್ರದ ಆ ಶೆಡ್ಡು, ಸಾಲಾಗಿ ನಿಂತ ನೀರಿನ ಟ್ಯಾಂಕರ್‌ಗಳು, ಅವುಗಳ ಮುಂದೆ ಬಿಳಿ ಅಂಗಿ, ಮಡಿಚಿ ಕಟ್ಟಿದ ಪಂಚೆಯಲ್ಲಿ ನಿಂತ ಟ್ಯಾಂಕರ್ ಯಜಮಾನರು ಕಣ್ಣಿಗೆ ಕಟ್ಟುತ್ತಾರೆ.

ಹಾವೇರಿ ಕಡೆಯಿಂದ ಬಂದ ನನಗೆ ಬೆಂಗಳೂರಿನಲ್ಲಿ ಮೊದಲ ಕೆಲಸ ಕೊಟ್ಟವರು ಅವರು. ಜೊತೆಗೆ ಓದಿದವರೆಲ್ಲ ಹೆಬ್ಬಾಳದ ಗಾಜಿನ ಕಟ್ಟಡಗಳಿಗೆ ಸೇರಿಕೊಂಡರೆ ನಾನು ಟ್ಯಾಂಕರ್ ಮಾಲೀಕರ ಶೆಡ್ಡಿನಲ್ಲಿ ಡೇಟಾ ಅನಲಿಸ್ಟ್ ಆಗಿದ್ದೆ. ಒಂದು ಮೇಜು, ಒಂದು ಲ್ಯಾಪ್‌ಟಾಪು, ತಲೆಯ ಮೇಲೆ ಕಾದ ತಗಡು.

ಯಜಮಾನರ ಮನೆತನ ಆ ಊರಿನ ಹಳೆಯ ಒಕ್ಕಲು. ಅವರ ತಂದೆಯ ಕಾಲಕ್ಕೆ ಅಲ್ಲಿ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದರಂತೆ. ಸುತ್ತಲ ಜಮೀನು ಲೇಔಟ್ ಆಗುತ್ತ ಹೋದಾಗ ಇವರು ಬೋರ್‌ವೆಲ್ ಇದ್ದ ಒಂದು ಪಟ್ಟಿಯನ್ನು ಮಾತ್ರ ಬಿಡದೆ ಉಳಿಸಿಕೊಂಡರು. ಅದರ ನೀರನ್ನೇ ಟ್ಯಾಂಕರ್‌ಗಳಲ್ಲಿ ತುಂಬಿ ಸುತ್ತಲ ಅಪಾರ್ಟ್‌ಮೆಂಟು, ಹಾಸ್ಟೆಲುಗಳಿಗೆ ಮಾರುತ್ತಿದ್ದರು. ಶೆಡ್ಡಿನ ವ್ಯವಹಾರ ಅವರದು. ಟ್ಯಾಂಕರ್‌ಗಳನ್ನು ಓಡಿಸುವ ಉಸ್ತುವಾರಿ ಅವರ ತಮ್ಮನದು. ಡ್ರೈವರ್‌ಗಳು ತಮ್ಮನನ್ನು ಚಿಕ್ಕ ಯಜಮಾನ್ರು ಅನ್ನುತ್ತಿದ್ದರು. ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದರು, ಮಧ್ಯಾಹ್ನ ಶೆಡ್ಡಿನಲ್ಲಿ ಒಂದೇ ಕ್ಯಾರಿಯರಿನ ಊಟ ಹಂಚಿಕೊಂಡು ತಿನ್ನುತ್ತಿದ್ದರು.

ನನ್ನನ್ನು ಕರೆಸಿದ್ದಕ್ಕೆ ಕಾರಣವಿತ್ತು. ಗ್ರಾಹಕರು ಆರ್ಡರ್ ಕೊಡುವ ಆ್ಯಪ್ ಒಬ್ಬರು ಮಾಡಿಕೊಟ್ಟಿದ್ದರು. ಟ್ಯಾಂಕರ್‌ಗಳ ಜಿಪಿಎಸ್ ಇನ್ನೊಬ್ಬರದು. ಬೋರ್‌ವೆಲ್‌ಗಳಿಗೆ ಕೂಡಿಸಿದ ಮೀಟರ್ ಮತ್ತೊಬ್ಬರದು. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಬೇಸಿಗೆಗೆ ಮೊದಲು ಯಾವ ಕಡೆಗೆ ಎಷ್ಟು ನೀರು ಬೇಕಾದೀತು, ಹೊಸ ಟ್ಯಾಂಕರ್ ಕೊಳ್ಳಬೇಕೋ ಬೇಡವೋ ಎಂದು ತಿಳಿಯಬೇಕಾಗಿತ್ತು ಯಜಮಾನರಿಗೆ. ಈ ಎಲ್ಲವನ್ನೂ ಕ್ಲೌಡಿನಲ್ಲಿ ಒಂದು ಡೇಟಾ ವೇರ್‌ಹೌಸಿಗೆ, ಅಂದರೆ ಲೆಕ್ಕಗಳ ಗೋಡೌನಿಗೆ ತುಂಬಿ, ಕೂಡಿಸಿ ನೋಡೋಣ ಎಂದೆ.

"ಗೋಡೌನ್ ಅಂತೀಯ, ಎಲ್ಲೈತೆ ತೋರ್ಸಮ್ಮ," ಎಂದರು.

"ಇಲ್ಲಿ ಇಲ್ರಿ ಯಜಮಾನ್ರ. ಎಲ್ಲೋ ದೂರ ದೊಡ್ಡ ದೊಡ್ಡ ಕಂಪ್ಯೂಟರ್ ಇರ್ತಾವ್ರಿ. ಬಾಡಿಗಿಗೆ ಜಾಗಾ ತಗೊಂಡು ನಮ್ಮದೆಲ್ಲಾ ಅಲ್ಲಿ ಇಡೋದು. ಬೇಕಾದಾಗ ಬೇಕಾದ್ದು ಕೇಳೋದು."

"ಯಾರ್ದೋ ಅಗೇವ್ನಾಗೆ ನಮ್ ರಾಗಿ ಸುರ್ದಂಗೆ ಅನ್ನು," ಎಂದರು.

ರಾಗಿಯನ್ನು ನೆಲದಡಿ ಕೂಡಿಡುವ ಹಗೇವಿನ ಹೋಲಿಕೆ ನನಗೆ ಎಷ್ಟು ಹಿಡಿಸಿತೆಂದರೆ, ಈಗಲೂ ಹೊಸಬರಿಗೆ ಈ ಕೆಲಸ ಕಲಿಸುವಾಗ ಅದನ್ನೇ ಹೇಳುತ್ತೇನೆ. ಕ್ಲೌಡ್ ಎಂದರೆ ಮೋಡ ಎಂದು ಗೊತ್ತಾದ ಮೇಲಂತೂ ಬೆಳಿಗ್ಗೆ ಬಂದವರೇ, "ಏನಮ್ಮ, ಮೋಡ ಏನೇಳ್ತದೆ ಇವತ್ತು?" ಎಂದು ಕೇಳುತ್ತಿದ್ದರು. ನಾನು ಪರದೆ ತಿರುಗಿಸಿ ತೋರಿಸುತ್ತಿದ್ದೆ. ಶನಿವಾರ ಯಾವ ಅಪಾರ್ಟ್‌ಮೆಂಟಿಗೆ ನೀರು ಹೆಚ್ಚು ಬೇಕು, ಯಾವ ಟ್ಯಾಂಕರ್ ಸುಮ್ಮನೆ ನಿಂತಿರುತ್ತದೆ ಎಂಬುದೆಲ್ಲ ಬಣ್ಣದ ಗೆರೆಗಳಲ್ಲಿ ಕಾಣುತ್ತಿತ್ತು. ಅವರು ಕನ್ನಡಕ ಏರಿಸಿ ನೋಡಿ, ಮಗುವಿನ ಹಾಗೆ ನಗುತ್ತಿದ್ದರು.

ಇರಲು ಜಾಗ ಹುಡುಕಿ ಕೊಟ್ಟವರೂ ಅವರೇ. ಶೆಡ್ಡಿನ ಹಿಂದಿನ ರಸ್ತೆಯ ಲೇಡೀಸ್ ಪಿ.ಜಿ.ಗೆ ತಾವೇ ಬಂದು ಮಾತಾಡಿ ಸೇರಿಸಿದರು. "ನಮ್ ನೀರೇ ಓಗೋದು ಇಲ್ಗೆ. ಯೋಚ್ನೆ ಬ್ಯಾಡ," ಎಂದಿದ್ದರು.

ಆ ಬೇಸಿಗೆ ಬಲು ಕೆಟ್ಟದಾಗಿತ್ತು. ಬೋರ್‌ವೆಲ್‌ಗಳು ಒಂದೊಂದೇ ಕೆಮ್ಮತೊಡಗಿದವು. ಆದರೂ ನಮ್ಮ ಟ್ಯಾಂಕರ್‌ಗಳು ನಿಲ್ಲಲಿಲ್ಲ. ಬೇರೆಯವರು ಇಲ್ಲ ಎಂದ ಕಡೆಗೂ ನಮ್ಮವು ಹೋಗುತ್ತಿದ್ದವು. ಚಿಕ್ಕ ಯಜಮಾನರ ಓಡಾಟ ನೋಡಿ ಅಣ್ಣನಿಗೆ ಹೆಮ್ಮೆ. ಅದೇ ಹೊತ್ತಿಗೆ ಪಿ.ಜಿ.ಯಲ್ಲಿ ಒಬ್ಬೊಬ್ಬರಿಗೇ ಹೊಟ್ಟೆ ಕೆಡುತ್ತಿತ್ತು. ನನ್ನ ರೂಮಿನಲ್ಲಿದ್ದ ದಾವಣಗೆರೆಯ ಹುಡುಗಿಯ ಕಣ್ಣು ಹಳದಿಗೆ ತಿರುಗಿ, ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ನೀರಿನ ಬಗ್ಗೆ ಕೇಳಿದರು. ಫಿಲ್ಟರ್ ನೀರೇ ಕುಡಿಯುತ್ತೇವೆ, ಊಟದಲ್ಲಿ ಏನೋ ಆಗಿರಬೇಕು ಎಂದೆವು. ಅಡುಗೆಯವಳನ್ನು ಎಲ್ಲರೂ ಬೈದೆವು.

ಬೋರ್‌ವೆಲ್‌ಗಳು ಇನ್ನೆಷ್ಟು ದಿನ ತಾಳುತ್ತವೆ ನೋಡು ಎಂದು ಯಜಮಾನರು ಹೇಳಿದ್ದರಿಂದ, ಬೋರ್ ಮೀಟರಿನ ಲೆಕ್ಕವನ್ನೂ ಟ್ಯಾಂಕರ್‌ಗಳು ಇಳಿಸಿದ ನೀರಿನ ಲೆಕ್ಕವನ್ನೂ ಮೊದಲ ಬಾರಿಗೆ ಒಂದಕ್ಕೊಂದು ಜೋಡಿಸಿದೆ. ಎರಡು ಗೆರೆಗಳು ಹೆಚ್ಚುಕಡಿಮೆ ಜೊತೆಯಾಗಿ ಇಳಿಯಬೇಕಿತ್ತು. ಇಳಿಯಲಿಲ್ಲ. ನೆಲದಿಂದ ಬಂದದ್ದಕ್ಕಿಂತ ಮನೆಗಳಿಗೆ ಹೋದ ನೀರು ಹೆಚ್ಚಿತ್ತು.

ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ಇಂಥ ಜೋಡಣೆಯಲ್ಲಿ ಒಂದೇ ಟ್ರಿಪ್ಪು ಎರಡು ಸಲ ಎಣಿಕೆಗೆ ಬರುವುದುಂಟು. ಮತ್ತೆ ಮತ್ತೆ ಕೇಳಿದೆ, ಬೇರೆ ಬೇರೆ ಥರ ಕೇಳಿದೆ. ವೇರ್‌ಹೌಸು ಅದೇ ಉತ್ತರ ಕೊಟ್ಟಿತು. ಆಮೇಲೆ ಜಿಪಿಎಸ್ ತೆಗೆದು, ಟ್ಯಾಂಕರ್‌ಗಳು ಎಲ್ಲೆಲ್ಲಿ ನಿಂತಿದ್ದವು ಎಂದು ನಕ್ಷೆಯ ಮೇಲೆ ಹಾಕಿದೆ. ನಮ್ಮ ಬೋರೂ ಅಲ್ಲದ, ಗ್ರಾಹಕರೂ ಅಲ್ಲದ ಒಂದು ಜಾಗದಲ್ಲಿ ಕೆಂಪು ಚುಕ್ಕೆಗಳು ಇರುವೆ ಮುತ್ತಿದ ಹಾಗೆ ಗುಂಪಾಗಿದ್ದವು.

ಮಧ್ಯಾಹ್ನ ಸ್ಕೂಟರ್ ತೆಗೆದುಕೊಂಡು ಹೋದೆ. ಖಾಲಿ ಸೈಟುಗಳ ಹಿಂದೆ ರಾಜಕಾಲುವೆ, ಅದರ ಪಕ್ಕ ಜೆಸಿಬಿಯಿಂದ ತೋಡಿಸಿದ ಗುಂಡಿ. ಸುತ್ತಲ ಕಟ್ಟಡಗಳ ಕೊಳಚೆ ಹರಿಯುವ ಆ ಕಾಲುವೆಯ ನೀರು ಮಣ್ಣಲ್ಲಿ ಜಿನುಗಿ ಗುಂಡಿ ಸೇರುತ್ತಿತ್ತು. ನೋಡಲು ತಿಳಿಯಾಗಿಯೇ ಇತ್ತು. ಅಂಚಿನಲ್ಲಿ ಮಾತ್ರ ನೊರೆ. ಮೋಟರು ಓಡುತ್ತಿತ್ತು, ನಮ್ಮ ಟ್ಯಾಂಕರ್ ತುಂಬುತ್ತಿತ್ತು. ಹೊಂಗೆಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದವರು ಚಿಕ್ಕ ಯಜಮಾನರು. ಅವರು ನನ್ನನ್ನು ನೋಡಲಿಲ್ಲ. ಸದ್ದಾಗದಿರಲೆಂದು ಸ್ಕೂಟರ್ ಸ್ಟಾರ್ಟ್ ಮಾಡದೆ ತಿರುವಿನವರೆಗೆ ತಳ್ಳಿಕೊಂಡೇ ಬಂದೆ.

ಶೆಡ್ಡಿಗೆ ವಾಪಸು ಬಂದು, ಅಲ್ಲಿ ತುಂಬಿದ ನೀರು ಯಾರ್ಯಾರಿಗೆ ಹೋಗಿದೆ ಎಂದು ವೇರ್‌ಹೌಸನ್ನು ಕೇಳಿದೆ. ಬಂದ ಹೆಸರುಗಳಲ್ಲಿ ನಮ್ಮ ಪಿ.ಜಿ. ಇತ್ತು. ಆ ನೀರಿನಲ್ಲಿ ಹಲ್ಲುಜ್ಜಿದ್ದೆವು, ತಟ್ಟೆ ತೊಳೆದಿದ್ದೆವು, ಅಕ್ಕಿ ತೊಳೆದಿದ್ದೆವು...

ಮರುದಿನ ಬೆಳಿಗ್ಗೆ ಯಜಮಾನರು ಎಂದಿನಂತೆ ಬಂದರು. ಅವರು ಕೇಳುವ ಮೊದಲೇ ಪರದೆ ತಿರುಗಿಸಿದೆ. ಗೆರೆಗಳನ್ನು, ನಕ್ಷೆಯನ್ನು ತೋರಿಸಿದೆ. ಅವರಿಗೆ ಅರ್ಥವಾಯಿತು, ಆದರೆ ಒಪ್ಪಲಿಲ್ಲ.

"ನಿನ್ ಮೋಡಕ್ಕೆ ತಲೆ ಕೆಟ್ಟೈತೆ. ಸರಿಯಾಗ್ ನೋಡು."

"ನಾನು ಹೋಗಿ ನೋಡಿ ಬಂದೀನ್ರಿ ಯಜಮಾನ್ರ."

"ಯಾರಿದ್ರು ಅಲ್ಲಿ?"

ನಾನು ನೆಲ ನೋಡಿದೆ.

"ಯೋಳಮ್ಮ. ಯಾರಿದ್ರು?"

"ಚಿಕ್ಕ ಯಜಮಾನ್ರು ಇದ್ರು."

ಅವರು ಕುರ್ಚಿಯ ತೋಳು ಹಿಡಿದು ನಿಧಾನಕ್ಕೆ ಕೂತರು. ಹೊರಗೆ ಯಾವುದೋ ಟ್ಯಾಂಕರ್ ರಿವರ್ಸ್ ತೆಗೆದುಕೊಳ್ಳುತ್ತ ಕೂಗುತ್ತಿತ್ತು. ಕೊನೆಗೆ ತಮ್ಮನನ್ನು ಕರೆಸಿದರು.

ಚಿಕ್ಕ ಯಜಮಾನರು ಪರದೆ ನೋಡಿದರು, ನನ್ನನ್ನು ನೋಡಿದರು. ಮುಚ್ಚಿಡಲಿಲ್ಲ. "ಬೋರ್ನಾಗೆ ನೀರೆಲ್ಲೈತಣ್ಣ? ಜನ ಫೋನ್ ಮೇಲೆ ಫೋನ್ ಮಾಡ್ತಾರೆ. ಇಲ್ಲ ಅಂದ್ರೆ ಬೇರೆಯೋರ್ ತಾವ ಓಯ್ತಾರೆ, ಮತ್ತೆ ಬರಾಕಿಲ್ಲ. ಬಳ್ಸಾಕೆ ತಾನೆ? ಯಾರ್ ಕುಡೀತಾರೆ ಅದನ್ನ?"

"ನನ್ನ ರೂಮಿನ ಹುಡುಗಿ ಆಸ್ಪತ್ರ್ಯಾಗ ಅದಾಳ್ರಿ," ಎಂದೆ.

ಯಜಮಾನರು ತಟ್ಟನೆ ನನ್ನ ಕಡೆ ತಿರುಗಿದರು. "ಯಾವ್ ರೂಮು? ಆ ಪಿ.ಜಿ.ನಾ? ನಾನ್ ಸೇರ್ಸಿದ್ದಾ?"

ತಲೆಯಾಡಿಸಿದೆ. ಅವರ ಮುಖದ ಬಣ್ಣ ಇಳಿದು ಹೋದದ್ದು ಇನ್ನೂ ಕಣ್ಣ ಮುಂದಿದೆ. ಆಗ ಚಿಕ್ಕ ಯಜಮಾನರು ಅಣ್ಣನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು. "ಇವತ್ತೇ ನಿಲ್ಲುಸ್ತೀನಿ. ಅದನ್ನೆಲ್ಲ ಅಳ್ಸಾಕುಸ್ಬುಡು. ಈ ಮೂರ್ ಜನ ಬಿಟ್ರೆ ಯಾರ್ಗ್ ಗೊತ್ತಾಯ್ತದೆ?"

ಯಜಮಾನರು ನನ್ನನ್ನು ಕೇಳಿದರು. "ಅಳ್ಸಾಕಾಯ್ತದಾ?"

ಗುಂಡಿ ನೋಡಿದಾಗ ಆಗದ ಆಘಾತ ಆ ಒಂದು ಮಾತಿಗೆ ಆಯಿತು. ಇವರೂನಾ... "ಆಗ್ತದ್ರಿ," ಎಂದೆ. ಸುಳ್ಳು ಹೇಳಲು ಬರಲಿಲ್ಲ. ನಿಜಕ್ಕೂ ಒಂದು ಸಾಲು ಬರೆದರೆ ಎಲ್ಲ ಹೋಗಿಬಿಡುತ್ತಿತ್ತು.

ಅವರು ಪರದೆಯ ಮೇಲಿನ ಕೆಂಪು ಚುಕ್ಕೆಗಳನ್ನೇ ನೋಡುತ್ತ ಕೂತರು. ಚಿಕ್ಕ ಯಜಮಾನರು ಅವರ ಹೆಗಲ ಮೇಲೆ ಕೈ ಇಟ್ಟಿದ್ದರು. ಆ ಕೈಯನ್ನು ಮೆತ್ತಗೆ ತೆಗೆದು ಪಕ್ಕಕ್ಕಿಟ್ಟರು.

"ಬ್ಯಾಡ. ಆ ನೀರು ಯಾರ್ಯಾರ ಮನೆಗೆ ಓಗೈತೋ ಅಷ್ಟೂ ತೆಗ್ದುಕೊಡು. ಒಂದೂ ಬಿಡ್ಬ್ಯಾಡ."

ಅವತ್ತು ಟ್ಯಾಂಕರ್‌ಗಳು ಶೆಡ್ಡು ಬಿಡಲಿಲ್ಲ. ಯಜಮಾನರು ತಮ್ಮ ಹಳೆಯ ವ್ಯಾನಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟರು. ನಾನು ಲ್ಯಾಪ್‌ಟಾಪ್ ನೋಡಿ ಹೆಸರು ಹೇಳುತ್ತಿದ್ದೆ. ಅವರು ಒಳಗೆ ಹೋಗಿ, ಕೈಮುಗಿದು, ಹೀಗೆ ಹೀಗೆ ಆಗಿದೆ, ಸಂಪು ಖಾಲಿ ಮಾಡಿಸಿ ತೊಳೆಸಿ, ಮಕ್ಕಳನ್ನು ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರು. ತಮ್ಮನ ಹೆಸರನ್ನು ಎಲ್ಲೂ ಎತ್ತಲಿಲ್ಲ. "ನಮ್ಮಿಂದ ತಪ್ಪಾಗೈತೆ," ಎಂದಷ್ಟೇ. ಒಂದು ಅಪಾರ್ಟ್‌ಮೆಂಟಿನಲ್ಲಿ ಜನ ಸುತ್ತುವರಿದು ಬೈದರು. ಒಬ್ಬರು ಫೋನ್ ಎತ್ತಿ ವಿಡಿಯೋ ಮಾಡಿದರು. ಇವರು ಮುಖ ತಿರುಗಿಸಲಿಲ್ಲ.

ಆಸ್ಪತ್ರೆ ಬೇಡ, ಅಲ್ಲಿಗೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ವಾರ್ಡಿನ ಬಾಗಿಲಲ್ಲಿ ನನ್ನ ರೂಮ್‌ಮೇಟಿನ ತಾಯಿ ಫ್ಲಾಸ್ಕ್ ಹಿಡಿದು ನಿಂತಿದ್ದರು. ಯಜಮಾನರು ಎಲ್ಲ ಹೇಳಿ ಮುಗಿಸಿದರು. ಆ ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಫ್ಲಾಸ್ಕ್ ಕೆಳಗಿಟ್ಟು, ಅವರ ಕೆನ್ನೆಗೆ ಬಾರಿಸಿದರು. ಇಡೀ ಊರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ ಮನುಷ್ಯ... ಅವರು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಮನೆಗೆ ಹೋಗೋಣವೆಂದು ಎಷ್ಟು ಕರೆದರೂ ಏಳಲಿಲ್ಲ. ಡಾಕ್ಟರು ಬಂದು, ಹುಡುಗಿಗೆ ಅಪಾಯವಿಲ್ಲ, ಗುಣವಾಗುತ್ತಾಳೆ ಎಂದ ಮೇಲೆ ಎದ್ದರು.

ಹುಡುಗಿ ಗುಣವಾದಳು. ಆ ನೀರಿನಿಂದ ಕಾಯಿಲೆ ಬಿದ್ದ ಬೇರೆಯವರೂ ಚೇತರಿಸಿಕೊಂಡರು. ಆ ಮನೆ ಮಾತ್ರ ಚೇತರಿಸಿಕೊಳ್ಳಲಿಲ್ಲ. ತಮ್ಮನ ಮೇಲೆ ಕೇಸಾಯಿತು. ಪೊಲೀಸರು ಕೇಳಿದ್ದಕ್ಕೆ ವೇರ್‌ಹೌಸಿನ ಲೆಕ್ಕವನ್ನೆಲ್ಲ ಯಜಮಾನರೇ ಕೊಡಿಸಿದರು. ಚಿಕ್ಕ ಯಜಮಾನರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೇರೆ ಹೋದರು. ಟ್ಯಾಂಕರ್‌ಗಳು ಮಾರಾಟವಾದವು. ಕೊನೆಯ ದಿನ ಮೋಡದ ಗೋಡೌನು ಖಾಲಿ ಮಾಡಲೇ ಎಂದು ಕೇಳಿದಾಗ, "ಕೋರ್ಟಿಗೆ ಬೇಕಾದ್ದು ಇಟ್ಟು ಮಿಕ್ಕಿದ್ದು ತೆಗಿ," ಎಂದು ಹೇಳಿ ಹೊರಗೆ ನಡೆದರು. ಬೀಳ್ಕೊಳ್ಳಲು ಹೋದರೆ ನನ್ನ ತಲೆ ನೇವರಿಸಿದರು.

ಆಮೇಲೆ ನನಗೂ ಗಾಜಿನ ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಮದುವೆ, ಯಲಹಂಕದಲ್ಲಿ ಮನೆ, ಮಗು... ಹಬ್ಬಕ್ಕೊಮ್ಮೆ ಯಜಮಾನರಿಗೆ ಫೋನ್ ಮಾಡುತ್ತಿದ್ದೆ, ನಂಬರ್ ಬದಲಾದ ಮೇಲೆ ಅದೂ ನಿಂತಿತು.

ಸಂಪು ತೊಳೆದ ಆ ದಿನ ಆಫೀಸಿನಲ್ಲಿ ಮನಸ್ಸು ನಿಲ್ಲಲಿಲ್ಲ. ಭಾನುವಾರ ತಣಿಸಂದ್ರಕ್ಕೆ ಹೋದೆ. ಶೆಡ್ಡಿನ ಜಾಗದಲ್ಲಿ ಬಹುಮಹಡಿ ಕಟ್ಟಡ. ಹಿಂದಿನ ರಸ್ತೆಯಲ್ಲಿ ಅವರ ಹಳೆಯ ಮನೆ ಹಾಗೇ ಇತ್ತು. ಬಾಗಿಲು ತೆಗೆದವರು ಯಜಮಾನರ ಹೆಂಡತಿ. ಅವರ ಹಣೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಿಂದಿನ ವರ್ಷವೇ ಹೋದರಂತೆ. ಬೆಳಿಗ್ಗೆ ಕಾಫಿ ಕುಡಿದು ಜಗುಲಿಯಲ್ಲಿ ಕೂತಿದ್ದವರು ಹಾಗೇ ಒರಗಿದರಂತೆ. ಇಷ್ಟು ದಿನ, ಅವರಿದ್ದಾರೆ, ಒಂದಿನ ಹೋಗಿ ನೋಡಬೇಕು ಎಂದುಕೊಂಡೇ ಇದ್ದೆನಲ್ಲ...

ಒಳಗೆ ಕರೆದು ಕಾಫಿ ಕೊಟ್ಟರು. ಗೋಡೆಯ ಮೇಲಿನ ಫೋಟೋದಲ್ಲಿ ಯಜಮಾನರು ನಗುತ್ತಿದ್ದರು.

"ಚಿಕ್ಕ ಯಜಮಾನ್ರು ಬಂದಿದ್ರಾ?" ಎಂದು ಕೇಳಿದೆ.

"ಬಂದಿದ್ದ. ಗೇಟಿನಾಚೆ ನಿಂತಿದ್ದ. ಒಳಕ್ ಬಾ ಅಂದೆ, ಬರ್ಲಿಲ್ಲ. ಎತ್ತೋವಾಗ ಬಂದು ಎಗಲು ಕೊಟ್ಟ."

ಆಕೆ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದರು.

"ಅವ್ರು ಒಂದ್ ದಿನಾನೂ ನಿನ್ ಮೇಲೆ ಸಿಟ್ಟಾಗ್ಲಿಲ್ಲ ಕಣವ್ವ. ಆ ಉಡುಗಿ ಬಂದು ನಮ್ಮನ್ನ ಕಾಪಾಡ್ತು ಅಂತಿದ್ರು. ಸಿಟ್ಟಾಗಿದ್ದು ನಾನು. ಇಷ್ಟ್ ವರ್ಸಾನೂ ನಾನೇ."

ಆಕೆ ಎದ್ದು ಒಳಗೆ ಹೋದರು. ನಾನು ಹೊರಡಬೇಕೇನೋ ಎಂದುಕೊಂಡು ಎದ್ದು ನಿಂತೆ. ಅಷ್ಟರಲ್ಲಿ ಅವರು ಪಾತ್ರೆ ಹಿಡಿದು ವಾಪಸು ಬಂದು ನನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದರು.